ಗ್ರೀನಿಚ್ ವೀಕ್ಷಣಾಲಯದ ಪುನಾರಚನೆ: ಜಾರ್ಜ್ ಬಿಡೆಲ್ ಐರಿಯ ಬದುಕು ಮತ್ತು ವ್ಯವಸ್ಥೆಯ ಪ್ರಶ್ನೆ

ವಿಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶೋಧಗಳ ಚರಿತ್ರೆಯಾಗಿಯೇ ಓದುತ್ತ ಬಂದಿದ್ದೇವೆ. ಹೊಸ ಗ್ರಹವೊಂದು ಕಂಡ ರಾತ್ರಿ, ಹೊಸ ನಿಯಮವೊಂದು ಹೊಳೆದ ಗಳಿಗೆ ನಮ್ಮ ನೆನಪಿನಲ್ಲಿ ಉಳಿಯುತ್ತವೆ. ಆ ರಾತ್ರಿಗೆ ಬೇಕಾದ ಅಂಕಿಗಳನ್ನು ದಶಕಗಳ ಕಾಲ ಬರೆದು, ತಾಳೆ ನೋಡಿ, ಅಚ್ಚು ಮಾಡಿ ಇಟ್ಟ ಸಂಸ್ಥೆಗಳ ಚರಿತ್ರೆ ಮಾತ್ರ ಹಿನ್ನೆಲೆಗೆ ಸರಿಯುತ್ತದೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯವನ್ನು 1835ರಿಂದ 1881ರವರೆಗೆ, ಅಂದರೆ 46 ವರ್ಷಗಳ ಕಾಲ ನಡೆಸಿದ ಜಾರ್ಜ್ ಬಿಡೆಲ್ ಐರಿಯ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು ಒಂದು ಸೋಲಿನ ಸಂದರ್ಭದಲ್ಲಿ. ನೆಪ್ಚೂನ್ ಗ್ರಹವನ್ನು ಮೊದಲು ಕಾಣುವ ಅವಕಾಶ ಇಂಗ್ಲೆಂಡಿನ ಕೈತಪ್ಪಲು ಕಾರಣನಾದ ಕಚೇರಿಬುದ್ಧಿಯ ಅಧಿಕಾರಿ ಎಂಬ ಚಿತ್ರ ಅವನಿಗೆ ಅಂಟಿಕೊಂಡಿದೆ. ಈ ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ಅದು ಅಪೂರ್ಣ. ಹಳೆಯದಾಗಿ ಸಡಿಲಗೊಂಡಿದ್ದ ಒಂದು ದೊಡ್ಡ ವೀಕ್ಷಣಾಲಯವನ್ನು ಅವನು ಹೇಗೆ ದಕ್ಷಗೊಳಿಸಿದ, ಆ ದಕ್ಷತೆಯಿಂದ ಏನು ದೊರೆಯಿತು, ಅದಕ್ಕೆ ಯಾರು ಯಾವ ಬೆಲೆ ತೆತ್ತರು ಎಂಬ ಪ್ರಶ್ನೆಗಳನ್ನು ಅವನ ಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವ್ಯಕ್ತಿಯ ಪ್ರತಿಭೆ ಹಾಗೂ ಸಂಸ್ಥೆಯ ಶಿಸ್ತುಗಳ ನಡುವಣ ಸಂಬಂಧ ವಿಜ್ಞಾನಕ್ಕೆ ಮಾತ್ರ ಸೀಮಿತವಾದುದಲ್ಲ. ಹಸ್ತಪ್ರತಿ ಭಂಡಾರ, ನಿಘಂಟು, ಶಾಸನ ಸಂಪುಟಗಳಂತಹ ದೀರ್ಘಕಾಲದ ಸಾಮೂಹಿಕ ಕೆಲಸಗಳಲ್ಲಿ ತೊಡಗಿದವರಿಗೂ ಅದು ಪರಿಚಿತವಾದ ಪ್ರಶ್ನೆಯೇ.

1. ಬಾಲ್ಯ ಮತ್ತು ಕೇಂಬ್ರಿಜ್

ಐರಿ ಹುಟ್ಟಿದ್ದು 1801ರ ಜುಲೈ 27ರಂದು, ಇಂಗ್ಲೆಂಡಿನ ಉತ್ತರದ ಗಡಿಪ್ರದೇಶವಾದ ನಾರ್ದಂಬರ್‌ಲ್ಯಾಂಡಿನ ಆನಿಕ್ ಎಂಬ ಊರಿನಲ್ಲಿ. ತಂದೆ ವಿಲಿಯಂ ಐರಿ ಅಬಕಾರಿ ಇಲಾಖೆಯ ನೌಕರ. 1813ರಲ್ಲಿ ಅವನು ಕೆಲಸ ಕಳೆದುಕೊಂಡಾಗ ಸಂಸಾರ ಬಡತನಕ್ಕೆ ಬಿತ್ತು. ಆಗ ಹುಡುಗನಿಗೆ ಆಸರೆಯಾದವನು ಸೋದರಮಾವ ಆರ್ಥರ್ ಬಿಡೆಲ್. ಇಪ್ಸ್‌ವಿಚ್ ಪಟ್ಟಣದ ಸಮೀಪದ ಪ್ಲೇಫರ್ಡ್‌ನಲ್ಲಿ ಬೇಸಾಯಗಾರನಾಗಿದ್ದ ಈ ಮಾವನ ಮನೆಯಲ್ಲಿ ಒಳ್ಳೆಯ ಪುಸ್ತಕಸಂಗ್ರಹವಿತ್ತು. ದೃಗ್ವಿಜ್ಞಾನ, ಯಂತ್ರವಿಜ್ಞಾನಗಳ ಮೊದಲ ಪರಿಚಯ ಹುಡುಗನಿಗೆ ಆದದ್ದು ಅಲ್ಲಿಯೇ. ಕಾಲ್‌ಚೆಸ್ಟರ್‌ನ ಶಾಲೆಯಲ್ಲಿ ಒಮ್ಮೆ ಅವನು ಎರಡು ಸಾವಿರಕ್ಕೂ ಹೆಚ್ಚು ಲ್ಯಾಟಿನ್ ಪದ್ಯಪಂಕ್ತಿಗಳನ್ನು ಬಾಯಿಪಾಠ ಒಪ್ಪಿಸಿದ್ದುಂಟು. ಅವನ ನೆನಪಿನ ಶಕ್ತಿಯ ಜೊತೆಗೆ, ಹಿಡಿದ ಕೆಲಸವನ್ನು ಕೊನೆಮುಟ್ಟಿಸುವ ಹಟವನ್ನೂ ಈ ಸಂಗತಿ ತೋರಿಸುತ್ತದೆ.

1819ರಲ್ಲಿ ಅವನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದ್ದು ಶುಲ್ಕದ ರಿಯಾಯಿತಿ ಪಡೆದ ಬಡ ವಿದ್ಯಾರ್ಥಿಯಾಗಿ. 1823ರಲ್ಲಿ ಗಣಿತದ ಅಂತಿಮ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದನು. 1826ರಲ್ಲಿ, ಒಂದು ಕಾಲಕ್ಕೆ ನ್ಯೂಟನ್ ಅಲಂಕರಿಸಿದ್ದ ಲುಕೇಸಿಯನ್ ಪೀಠಕ್ಕೆ ಆಯ್ಕೆಯಾದನು; ಎರಡು ವರ್ಷಗಳ ತರುವಾಯ ಪ್ಲೂಮಿಯನ್ ಪೀಠಕ್ಕೆ ಬಂದು, ಅದರೊಂದಿಗೆ ಕೇಂಬ್ರಿಜ್ ವೀಕ್ಷಣಾಲಯದ ಹೊಣೆಯನ್ನೂ ಹೊತ್ತುಕೊಂಡನು. 1830ರಲ್ಲಿ ರಿಚರ್ಡಾ ಸ್ಮಿತ್‌ಳೊಡನೆ ಅವನ ವಿವಾಹವಾಯಿತು. ಈ ದಂಪತಿಗಳಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಮೂವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು.

ಕೇಂಬ್ರಿಜ್ ಅವಧಿಯ ಒಂದು ಘಟನೆ ಅವನ ಮುಂದಿನ ಬದುಕಿನ ದೃಷ್ಟಿಯಿಂದ ಗಮನಾರ್ಹವಾದುದು. ತನ್ನ ಎಡಗಣ್ಣಿಗೆ ಬೆಳಕಿನ ಬಿಂದು ಬಿಂದುವಾಗಿ ಕಾಣದೆ ಗೆರೆಯಾಗಿ ಎಳೆದುಕೊಂಡು ಕಾಣುವುದನ್ನು ಅವನು ಗಮನಿಸಿದನು. ಕಣ್ಣು ಕೆಟ್ಟಿತೆಂದು ಸುಮ್ಮನಾಗದೆ, ಆ ದೋಷ ಯಾವ ದಿಕ್ಕಿನಲ್ಲಿ ಎಷ್ಟಿದೆ ಎಂಬುದನ್ನು ಅಳೆದನು. ಅಳತೆಗೆ ತಕ್ಕಂತೆ ಒಂದು ಮೈ ಉರುಳೆಯಾಕಾರದಲ್ಲಿರುವ ಮಸೂರವನ್ನು 1825ರಲ್ಲಿ ಇಪ್ಸ್‌ವಿಚ್‌ನ ಕುಶಲಕರ್ಮಿಯೊಬ್ಬನಿಂದ ಮಾಡಿಸಿಕೊಂಡನು. ಇಂದು ಅಸ್ಟಿಗ್ಮ್ಯಾಟಿಸಂ ಎಂದು ಕರೆಯುವ ದೃಷ್ಟಿದೋಷಕ್ಕೆ ಅಂತಹ ಮಸೂರವನ್ನು ವಿನ್ಯಾಸಗೊಳಿಸಿದ ಮೊದಲಿಗರಲ್ಲಿ ಅವನೊಬ್ಬ. ದೋಷವಿಲ್ಲದ ಉಪಕರಣ ಎಲ್ಲಿಯೂ ಇಲ್ಲ. ಇರುವ ದೋಷವನ್ನು ಅಳೆದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ನಿಲುವು ಅವನಲ್ಲಿ ಇಷ್ಟು ಮುಂಚೆಯೇ ರೂಪುಗೊಂಡಿತ್ತು. ಗ್ರೀನಿಚ್‌ನಲ್ಲಿ ಅವನು ಮಾಡಿದ್ದೆಲ್ಲವೂ ಈ ನಿಲುವಿನ ವಿಸ್ತರಣೆಯೆಂದರೆ ತಪ್ಪಾಗಲಾರದು.

2. 1835ರ ಗ್ರೀನಿಚ್

ಗ್ರೀನಿಚ್ ವೀಕ್ಷಣಾಲಯ 1675ರಲ್ಲಿ ಸ್ಥಾಪನೆಯಾದದ್ದು ಆಕಾಶದ ಕೌತುಕಕ್ಕಾಗಿ ಅಲ್ಲ. ನಡುಗಡಲಿನಲ್ಲಿರುವ ಹಡಗು ತಾನಿರುವ ರೇಖಾಂಶವನ್ನು ತಿಳಿಯಬೇಕಾದರೆ ಚಂದ್ರ ಮತ್ತು ನಕ್ಷತ್ರಗಳ ಸ್ಥಾನಗಳು ಕರಾರುವಾಕ್ಕಾಗಿ ಗೊತ್ತಿರಬೇಕು. ಆ ಸ್ಥಾನಗಳನ್ನು ವರ್ಷವರ್ಷವೂ ಅಳೆದು ಕೊಡುವುದೇ ಈ ಸಂಸ್ಥೆಯ ಮುಖ್ಯ ಕರ್ತವ್ಯವಾಗಿತ್ತು. ರಾಜಖಗೋಳಜ್ಞ ಎಂಬ ಪದವಿಗೆ ಐರಿ ಏಳನೆಯವನಾಗಿ ಬಂದನು. ಅವನ ಹಿಂದಿನವನಾದ ಜಾನ್ ಪಾಂಡ್ ಉತ್ತಮ ವೀಕ್ಷಕನಾಗಿದ್ದರೂ ಕೊನೆಯ ವರ್ಷಗಳಲ್ಲಿ ಕಾಯಿಲೆಯಿಂದ ಬಳಲಿದ್ದನು. ಸಹಾಯಕರಲ್ಲಿ ಉತ್ಸಾಹ ಕುಂದಿತ್ತು. ನೌಕಾಪಡೆಯ ಕಾಲಮಾಪಕಗಳನ್ನು ಪರೀಕ್ಷಿಸಿ ಹಂಚುವ ಕೆಲಸ ಖಗೋಳಶಾಸ್ತ್ರದ ಸಮಯವನ್ನು ನುಂಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ವೀಕ್ಷಣೆ ನಡೆಯುತ್ತಿದ್ದರೂ ಅದರ ಗಣನೆ ಹಿಂದೆ ಬಿದ್ದಿತ್ತು.

ಈ ಕೊನೆಯ ಮಾತನ್ನು ತುಸು ವಿವರಿಸಬೇಕು. ದೂರದರ್ಶಕದಿಂದ ನೇರವಾಗಿ ದೊರೆಯುವ ಅಂಕಿ ಹಸಿ ಅಂಕಿ ಮಾತ್ರ. ಗಾಳಿಯಲ್ಲಿ ಬೆಳಕು ಬಾಗುವುದು, ಗಡಿಯಾರ ತಪ್ಪುವುದು, ಯಂತ್ರದ ಅಚ್ಚು ಕೂದಲೆಳೆಯಷ್ಟು ಓರೆಯಾಗಿರುವುದು, ಭೂಮಿಯ ಅಕ್ಷ ತೊನೆಯುವುದು ಮುಂತಾದವುಗಳಿಗೆಲ್ಲ ತಿದ್ದುಪಡಿ ಮಾಡಿದ ಮೇಲೆಯೇ ಅದು ಬಳಕೆಗೆ ಬರುತ್ತದೆ. ಹೀಗೆ ತಿದ್ದದೆ ಉಳಿದ ವೀಕ್ಷಣೆ, ಪಾಠಾಂತರ ನೋಡದೆ ಕಪಾಟಿನಲ್ಲಿಟ್ಟ ಓಲೆಗರಿಯ ಕಟ್ಟಿನಂತೆ: ಇದ್ದರೂ ಇಲ್ಲದಂತೆಯೇ. ಜರ್ಮನಿಯ ಬೆಸೆಲ್ ಎಂಬ ಖಗೋಳಜ್ಞ 1818ರಲ್ಲಿ, ಗ್ರೀನಿಚ್‌ನ ಹಿಂದಿನ ರಾಜಖಗೋಳಜ್ಞ ಬ್ರಾಡ್ಲಿಯ ವೀಕ್ಷಣೆಗಳನ್ನು ಹೀಗೆ ತಿದ್ದಿ ಪ್ರಕಟಿಸಿದ್ದನು. ಗ್ರೀನಿಚ್‌ನ ಬೆಳೆಯನ್ನು ಕೋನಿಗ್ಸ್‌ಬರ್ಗ್‌ನಲ್ಲಿ ಒಕ್ಕಬೇಕಾಗಿ ಬಂದ ಈ ಸ್ಥಿತಿಯ ಅರ್ಥ ಐರಿಗೆ ಚೆನ್ನಾಗಿ ಗೊತ್ತಿತ್ತು.

3. ಗಣನೆಯ ವ್ಯವಸ್ಥೆ

ಕೇಂಬ್ರಿಜ್‌ನಲ್ಲಿಯೇ ಪ್ರಯೋಗಿಸಿ ನೋಡಿದ್ದ ಒಂದು ಸರಳ ಸಾಧನವನ್ನು ಐರಿ ಗ್ರೀನಿಚ್‌ಗೆ ತಂದನು: ಅಚ್ಚು ಮಾಡಿದ ನಮೂನೆ. ಒಂದು ವೀಕ್ಷಣೆಯನ್ನು ತಿದ್ದಲು ಬೇಕಾದ ಲೆಕ್ಕವನ್ನೆಲ್ಲ ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಒಂದು ಅಂಕಣವನ್ನು ಗೊತ್ತುಮಾಡಲಾಯಿತು. ಎಲ್ಲಿಂದ ಅಂಕಿ ತೆಗೆಯಬೇಕು, ಯಾವುದಕ್ಕೆ ಕೂಡಿಸಬೇಕು, ಯಾವುದರಿಂದ ಕಳೆಯಬೇಕು, ಎಲ್ಲಿ ಬರೆಯಬೇಕು ಎಂಬುದನ್ನು ಹಾಳೆಯೇ ಹೇಳುತ್ತಿತ್ತು. ಹಾಳೆ ತುಂಬುವವನಿಗೆ ಖಗೋಳಶಾಸ್ತ್ರ ತಿಳಿದಿರಬೇಕಾದ ಅಗತ್ಯವಿರಲಿಲ್ಲ. ಕೂಡುವುದು, ಕಳೆಯುವುದು, ಲಾಗರಿದಮ್ ಕೋಷ್ಟಕ ನೋಡುವುದು ಬಂದರೆ ಸಾಕಾಗಿತ್ತು. ಕೆಲಸವನ್ನು ಬೇರೊಬ್ಬನು ತಾಳೆ ನೋಡುವ ಏರ್ಪಾಡೂ ಇತ್ತು. ತಪ್ಪು ಎಲ್ಲಿ, ಯಾರಿಂದ ಆಯಿತು ಎಂಬುದನ್ನು ವರ್ಷಗಳ ಮೇಲೂ ಹುಡುಕಿ ತೆಗೆಯಬಹುದಾಗಿತ್ತು. ನಮ್ಮ ಶಾನುಭೋಗರ ಲೆಕ್ಕದ ಪುಸ್ತಕಗಳಲ್ಲಿ ಪ್ರತಿ ಬಾಬಿಗೂ ಅದರದೇ ಜಾಗವಿದ್ದಂತೆ ಇಲ್ಲಿ ಆಕಾಶಕ್ಕೂ ಖಾತೆ ತೆರೆಯಲಾಯಿತು.

ಈ ವ್ಯವಸ್ಥೆಯ ಮೊದಲ ದೊಡ್ಡ ಪರೀಕ್ಷೆಯೆಂದರೆ 1750ರಿಂದ 1830ರವರೆಗಿನ ಗ್ರೀನಿಚ್ ವೀಕ್ಷಣೆಗಳ ಗಣನೆ. 80 ವರ್ಷಗಳ ಗ್ರಹವೀಕ್ಷಣೆಗಳೆಲ್ಲವೂ ಏಕರೀತಿಯಲ್ಲಿ ತಿದ್ದಲ್ಪಟ್ಟು 1845ರಲ್ಲಿ ಪ್ರಕಟವಾದವು. ಸುಮಾರು 8,000ದಷ್ಟಿದ್ದ ಚಂದ್ರನ ವೀಕ್ಷಣೆಗಳು 1848ರಲ್ಲಿ ಹೊರಬಂದವು. ಸರ್ಕಾರದ ಖಜಾನೆಯಿಂದ ಹಣ ಪಡೆದು, ಹೊರಗಿನಿಂದ ಗಣಕರನ್ನು ನೇಮಿಸಿಕೊಂಡು ಈ ಕೆಲಸ ನಡೆಯಿತು. ಮುಂದೆ ಹಾನ್ಸೆನ್ ಎಂಬ ವಿದ್ವಾಂಸ ರಚಿಸಿ 1857ರಲ್ಲಿ ಪ್ರಕಟಗೊಂಡ, ನಾವಿಕರಿಗೆ ಬಹುಕಾಲ ಆಧಾರವಾಗಿದ್ದ ಚಂದ್ರಕೋಷ್ಟಕಗಳಿಗೆ ಈ ಅಂಕಿಗಳೇ ನೆರವಾದವು.

ಇಲ್ಲಿ ಗಣಕ ಎಂಬ ಮಾತಿನ ಬಗ್ಗೆ ಒಂದು ಸಂಗತಿಯನ್ನು ಗಮನಿಸಬೇಕು. ಇಂದು ಗಣಕವೆಂದರೆ ಯಂತ್ರ. ನಮ್ಮ ಹಳೆಯ ಬಳಕೆಯಲ್ಲಿ ಗಣಕನೆಂದರೆ ಲೆಕ್ಕ ಮಾಡುವ ಮನುಷ್ಯ, ಜ್ಯೋತಿಷಿ. ಇಂಗ್ಲಿಷಿನ ಕಂಪ್ಯೂಟರ್ ಎಂಬ ಮಾತಿಗೂ ಆಗ ಮನುಷ್ಯನೆಂಬ ಅರ್ಥವೇ ಇತ್ತು. ಗ್ರೀನಿಚ್‌ನ ಗಣಕರು ಬಹುಪಾಲು ಹುಡುಗರು. ಹದಿಹರೆಯಕ್ಕೆ ಆಗಷ್ಟೇ ಕಾಲಿಟ್ಟವರು. ಮೊದಲ ವರ್ಷಗಳಲ್ಲಿ ಅವರ ದುಡಿಮೆ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ನಡುವೆ ಊಟಕ್ಕೆ ಒಂದು ಗಂಟೆ ಬಿಡುವು. ಸಂಬಳ ಕಡಿಮೆ, ಕೆಲಸ ತಾತ್ಕಾಲಿಕ. ಹುಡುಗರು ದೊಡ್ಡವರಾಗಿ ಹೆಚ್ಚು ಸಂಬಳ ಕೇಳುವ ವಯಸ್ಸಿಗೆ ಬಂದಾಗ ಬಹುತೇಕ ಮಂದಿ ಬೇರೆ ಉದ್ಯೋಗ ಹುಡುಕಿಕೊಳ್ಳಬೇಕಾಗಿತ್ತು. ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ ಎಂಬ ದಕ್ಷತೆಯ ಲೆಕ್ಕ ಸರಿಹೊಂದಿದ್ದು ಈ ಹುಡುಗರ ಹೆಗಲ ಮೇಲೆ ಎಂಬುದನ್ನು ಮರೆಯಲಾಗದು. ಚರಿತ್ರಕಾರರು ಐರಿಯ ಗ್ರೀನಿಚ್ಚನ್ನು ಕಾರ್ಖಾನೆಗೆ ಹೋಲಿಸುವುದು ಈ ಕಾರಣದಿಂದಲೇ.

ಆದರೆ ಇದೇ ಬಾಗಿಲಿನಿಂದ ಒಳಬಂದು ಮೇಲಕ್ಕೆ ಏರಿದವರೂ ಉಂಟು. ಎಡ್ವಿನ್ ಡಂಕಿನ್ ಎಂಬ ಹುಡುಗ 1838ರ ಆಗಸ್ಟ್‌ನಲ್ಲಿ ತನ್ನ ಸೋದರನೊಡನೆ ಗ್ರಹಗಣನೆಯ ಕೆಲಸಕ್ಕೆ ಸೇರಿದನು. ಆಗ ಅವನಿಗೆ ಹದಿನಾರು-ಹದಿನೇಳು ವರ್ಷ. ಅವನು ಕಾಯಂ ಸಹಾಯಕನಾಗಿ, 1881ರಲ್ಲಿ ಮುಖ್ಯ ಸಹಾಯಕನಾಗಿ, 1884ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಅಧ್ಯಕ್ಷನಾಗಿ ಬೆಳೆದನು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ಹುಡುಗನೊಬ್ಬ ಈ ಸ್ಥಾನಕ್ಕೆ ಬರುವುದು ಆ ಕಾಲದ ಇಂಗ್ಲೆಂಡಿನಲ್ಲಿ ಸುಲಭದ ಮಾತಾಗಿರಲಿಲ್ಲ. ಡಂಕಿನ್‌ನಂತಹವರು ವಿರಳವೆಂಬುದೂ ಅಷ್ಟೇ ನಿಜ.

1842ರಲ್ಲಿ ಚಾರ್ಲ್ಸ್ ಬ್ಯಾಬೇಜ್‌ನ ಗಣನಯಂತ್ರಕ್ಕೆ ಹಣ ಮುಂದುವರಿಸಬೇಕೇ ಎಂದು ಸರ್ಕಾರ ಐರಿಯ ಅಭಿಪ್ರಾಯ ಕೇಳಿತು. ಆ ಯಂತ್ರದಿಂದ ಪ್ರಯೋಜನವಿಲ್ಲವೆಂಬ ಉತ್ತರವನ್ನು ಅವನು ಕೊಟ್ಟನು. ಸರ್ಕಾರ ಹಿಂದೆ ಸರಿಯಿತು. ಗಣಕಯಂತ್ರದ ಪಿತಾಮಹನೆಂದು ಈಗ ಕೊಂಡಾಡಲಾಗುವ ಬ್ಯಾಬೇಜ್‌ಗೆ ಇದರಿಂದಾದ ನಷ್ಟವನ್ನು ನೆನೆದಾಗ ಐರಿಯ ದೃಷ್ಟಿ ಸಂಕುಚಿತವೆನಿಸುತ್ತದೆ. ಆದರೆ ಅವನ ಕಣ್ಣೆದುರಿಗೆ ಅಗ್ಗವಾಗಿ, ನಂಬಿಕೆಗೆ ಅರ್ಹವಾಗಿ ನಡೆಯುತ್ತಿದ್ದ ಮನುಷ್ಯರ ಗಣಕವೊಂದು ಆಗಲೇ ಇತ್ತು. ಇರುವ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿರುವಾಗ ಮುಂದಿನದನ್ನು ಕಾಣುವುದು ಅದನ್ನು ಕಟ್ಟಿದವನಿಗೇ ಕಷ್ಟ.

4. ಉಪಕರಣಗಳ ನವೀಕರಣ

ಗಣನೆ ಒಂದು ಹದಕ್ಕೆ ಬಂದ ಮೇಲೆ ಐರಿ ಉಪಕರಣಗಳ ಕಡೆಗೆ ತಿರುಗಿದನು. ಇವುಗಳ ವಿನ್ಯಾಸವನ್ನು ಬಹುಮಟ್ಟಿಗೆ ಅವನೇ ಮಾಡಿದನು. ಪ್ರತಿಯೊಂದರ ಹಿಂದೆಯೂ ಕೆಲಸದಲ್ಲಿನ ಒಂದು ಕೊರತೆಯನ್ನು ನೀಗಿಸುವ ಉದ್ದೇಶ ಸ್ಪಷ್ಟವಾಗಿತ್ತು.

ಮೊದಲನೆಯದು ಚಂದ್ರನಿಗೆ ಸಂಬಂಧಿಸಿದ್ದು. ಹಳೆಯ ಯಂತ್ರಗಳು ಆಕಾಶಕಾಯವೊಂದು ಸರಿಯಾಗಿ ಉತ್ತರ–ದಕ್ಷಿಣ ರೇಖೆಯನ್ನು ದಾಟುವಾಗ ಮಾತ್ರ ಅದನ್ನು ಅಳೆಯಬಲ್ಲವಾಗಿದ್ದವು. ಆ ಗಳಿಗೆಯಲ್ಲಿ ಮೋಡ ಕವಿದರೆ ಆ ದಿನದ ವೀಕ್ಷಣೆ ಹೋದಂತೆಯೇ. ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ ಚಂದ್ರನು ಆ ರೇಖೆಯನ್ನು ದಾಟುವುದು ಹಗಲಿನಲ್ಲಿ, ಸೂರ್ಯನ ಬಳಿಯಲ್ಲಿ. ಆಗ ಅವನು ಕಾಣುವುದೇ ಇಲ್ಲ. 1847ರಲ್ಲಿ ಸ್ಥಾಪಿಸಿದ ಆಲ್ಟಜಿಮತ್ ಎಂಬ ಯಂತ್ರ ಆಕಾಶದ ಯಾವ ಭಾಗದಲ್ಲಿದ್ದರೂ ಚಂದ್ರನನ್ನು ಅಳೆಯಬಲ್ಲದಾಗಿತ್ತು. ಇದರಿಂದ ಚಂದ್ರವೀಕ್ಷಣೆಗಳ ಸಂಖ್ಯೆ ಬಹಳವಾಗಿ ಹೆಚ್ಚಿತು. ತಿಂಗಳ ಆ ಖಾಲಿ ದಿನಗಳೂ ತುಂಬಿಕೊಂಡವು.

ಎರಡನೆಯದು, ಅವನ ಹೆಸರನ್ನು ಶಾಶ್ವತಗೊಳಿಸಿದ ಟ್ರಾನ್ಸಿಟ್ ಸರ್ಕಲ್. ಒಂದು ನಕ್ಷತ್ರದ ಸ್ಥಾನ ಗೊತ್ತಾಗಬೇಕಾದರೆ ಎರಡು ಅಂಕಿಗಳು ಬೇಕು. ಅದು ಯಾವ ಗಳಿಗೆಯಲ್ಲಿ ಮಧ್ಯಾಹ್ನರೇಖೆಯನ್ನು ದಾಟಿತು ಎಂಬುದು ಒಂದು, ದಾಟುವಾಗ ಎಷ್ಟು ಎತ್ತರದಲ್ಲಿತ್ತು ಎಂಬುದು ಇನ್ನೊಂದು. ಅಲ್ಲಿಯವರೆಗೆ ಗ್ರೀನಿಚ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಯಂತ್ರಗಳಿದ್ದವು, ಬೇರೆ ಬೇರೆ ವೀಕ್ಷಕರು ಬೇಕಾಗಿತ್ತು. ಐರಿ ಎರಡನ್ನೂ ಒಂದೇ ಯಂತ್ರದಲ್ಲಿ ಸೇರಿಸಿದನು. ಒಬ್ಬನೇ ವೀಕ್ಷಕ, ಒಂದೇ ದಾಟುವಿಕೆಯಲ್ಲಿ, ಎರಡೂ ಅಂಕಿಗಳನ್ನು ಪಡೆಯಬಹುದಾಯಿತು. ಮಸೂರದ ವ್ಯಾಸ 8 ಅಂಗುಲಕ್ಕಿಂತ ತುಸು ಹೆಚ್ಚು. ಕೊಳವೆಯ ಉದ್ದ ಸುಮಾರು ಹನ್ನೆರಡು ಅಡಿ. ಅದರ ಭಾರವಾದ ಲೋಹದ ಭಾಗಗಳನ್ನು ತಯಾರಿಸಿದ್ದು ಇಪ್ಸ್‌ವಿಚ್‌ನ ರಾನ್ಸಮ್ಸ್ ಅಂಡ್ ಮೇ ಎಂಬ ಎಂಜಿನಿಯರಿಂಗ್ ಸಂಸ್ಥೆ. ದೃಗ್‌ಭಾಗಗಳನ್ನೂ ವೃತ್ತದ ಮೇಲಣ ಸೂಕ್ಷ್ಮ ಗೆರೆಗಳನ್ನೂ ಟ್ರೌಟನ್ ಅಂಡ್ ಸಿಮ್ಸ್ ಸಂಸ್ಥೆ ಒದಗಿಸಿತು. ಯಂತ್ರವನ್ನು ಕದಲದಂತೆ ಗಟ್ಟಿಯಾಗಿ ಕೂರಿಸಿ, ಉಳಿಯುವ ದೋಷವನ್ನು ಮತ್ತೆ ಮತ್ತೆ ಅಳೆದು ಲೆಕ್ಕದಲ್ಲಿ ಕಳೆಯುವುದು ಇಲ್ಲಿನ ತತ್ವ. ತನ್ನ ಎಡಗಣ್ಣಿಗೆ ಮಾಡಿದ್ದನ್ನೇ ಅವನು ಸಂಸ್ಥೆಯ ಕಣ್ಣಿಗೂ ಮಾಡಿದನು. 1851ರ ಜನವರಿ 4ರಂದು ಇದರಲ್ಲಿ ಮೊದಲ ವೀಕ್ಷಣೆ ನಡೆಯಿತು. 1954ರವರೆಗೆ, ಒಂದು ನೂರು ವರ್ಷಕ್ಕೂ ಮೇಲ್ಪಟ್ಟು, ಆರು ಲಕ್ಷಕ್ಕೂ ಹೆಚ್ಚು ವೀಕ್ಷಣೆಗಳು ಈ ಒಂದೇ ಯಂತ್ರದಿಂದ ದೊರೆತವು.

ಮೂರನೆಯದು ಮನುಷ್ಯನ ದೋಷ. ಹಿಂದೆ ವೀಕ್ಷಕನು ಗಡಿಯಾರದ ಬಡಿತವನ್ನು ಕಿವಿಯಲ್ಲಿ ಕೇಳುತ್ತ, ನಕ್ಷತ್ರವು ತಂತಿಯನ್ನು ದಾಟುವುದನ್ನು ಕಣ್ಣಿನಲ್ಲಿ ನೋಡುತ್ತ, ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಮನಸ್ಸಿನಲ್ಲಿಯೇ ಅಂದಾಜು ಮಾಡಬೇಕಾಗಿತ್ತು. ಇಬ್ಬರ ಅಂದಾಜು ಎಂದಿಗೂ ಒಂದಾಗುತ್ತಿರಲಿಲ್ಲ. ಇಂತಹ ವ್ಯತ್ಯಾಸಕ್ಕಾಗಿಯೇ 1796ರಲ್ಲಿ ಗ್ರೀನಿಚ್‌ನ ಸಹಾಯಕನೊಬ್ಬನು ಕೆಲಸ ಕಳೆದುಕೊಂಡಿದ್ದನು. ಅದು ಅಜಾಗರೂಕತೆಯಲ್ಲ, ಪ್ರತಿ ಮನುಷ್ಯನಿಗೂ ಸಹಜವಾದ ಅಂತರ ಎಂಬುದನ್ನು ಬೆಸೆಲ್ ಆಮೇಲೆ ತೋರಿಸಿಕೊಟ್ಟನು. ಐರಿ ತನ್ನ ಸಹಾಯಕರ ನಡುವಣ ಅಂತರಗಳನ್ನು ನಿಯತವಾಗಿ ಅಳೆಯಿಸಿ ದಾಖಲಿಸಿದನು. 1854ರಲ್ಲಿ ವಿದ್ಯುತ್ ಕ್ರೊನೋಗ್ರಾಫ್ ಬಳಕೆಗೆ ಬಂತು. ನಕ್ಷತ್ರ ತಂತಿಯನ್ನು ಮುಟ್ಟಿದಾಗ ವೀಕ್ಷಕನು ಒಂದು ಕೀಲಿಯನ್ನು ಒತ್ತುತ್ತಾನೆ; ತಿರುಗುವ ಉರುಳೆಯ ಮೇಲಿನ ಕಾಗದದಲ್ಲಿ ಗಡಿಯಾರದ ಗುರುತುಗಳ ನಡುವೆ ಅದೂ ಒಂದು ಚುಕ್ಕೆಯಾಗಿ ಬೀಳುತ್ತದೆ. 1838ರಲ್ಲಿ ಆರಂಭಗೊಂಡಿದ್ದ ಭೂಕಾಂತೀಯ ವೀಕ್ಷಣೆಗೂ ಇಂತಹುದೇ ನೆರವು ಬಂತು. ಎರಡು ಗಂಟೆಗೊಮ್ಮೆ ರಾತ್ರಿಯಿಡೀ ಎದ್ದು ಸೂಜಿಗಳನ್ನು ಓದಬೇಕಾಗಿದ್ದ ಕೆಲಸವನ್ನು 1840ರ ದಶಕದ ಕೊನೆಯ ವೇಳೆಗೆ ಛಾಯಾಗ್ರಹಣದ ಸ್ವಯಂಲೇಖಕಗಳು ವಹಿಸಿಕೊಂಡವು. ದಕ್ಷತೆ ಇಲ್ಲಿ ಮನುಷ್ಯನ ನಿದ್ದೆಯನ್ನು ಅವನಿಗೇ ಮರಳಿಸಿತು. ಹುಡುಗರ ಹನ್ನೆರಡು ಗಂಟೆಯ ದಿನವನ್ನು ನೆನೆಯುವಾಗ ಈ ಸಂಗತಿಯನ್ನೂ ಜೊತೆಗಿಟ್ಟು ನೋಡಬೇಕು.

5. ನೆಪ್ಚೂನ್ ಪ್ರಸಂಗ

ಯುರೇನಸ್ ಗ್ರಹ ತನಗೆ ಗೊತ್ತುಮಾಡಿದ ಹಾದಿಯಲ್ಲಿ ನಡೆಯುತ್ತಿರಲಿಲ್ಲ. ಅದಕ್ಕೆ ಹೊರಗಿನ, ಕಾಣದ ಗ್ರಹವೊಂದರ ಸೆಳೆತವೇ ಕಾರಣವೆಂದು ಊಹಿಸಿ, ಕೇಂಬ್ರಿಜ್‌ನ ಜಾನ್ ಕೌಚ್ ಆ್ಯಡಮ್ಸ್ ಎಂಬ ಯುವ ಗಣಿತಜ್ಞ ಅದರ ಸ್ಥಾನವನ್ನು ಲೆಕ್ಕ ಹಾಕಲು ತೊಡಗಿದನು. ಅವನಿಗೆ ಬೇಕಾದ ಯುರೇನಸ್‌ನ ಅಂಕಿಗಳನ್ನು 1844ರ ಫೆಬ್ರವರಿಯಲ್ಲಿ ಕಳುಹಿಸಿಕೊಟ್ಟವನು ಐರಿಯೇ. ಗ್ರೀನಿಚ್‌ನ ಹೊಸ ವ್ಯವಸ್ಥೆ ತಿದ್ದಿ ಸಿದ್ಧಪಡಿಸಿದ ಅಂಕಿಗಳವು. 1845ರ ಅಕ್ಟೋಬರ್‌ನಲ್ಲಿ ಆ್ಯಡಮ್ಸ್ ಗ್ರೀನಿಚ್‌ಗೆ ಬಂದಾಗ ಐರಿಯ ಭೇಟಿಯಾಗಲಿಲ್ಲ. ತನ್ನ ಫಲಿತಾಂಶವನ್ನು ಬರೆದ ಕಾಗದವೊಂದನ್ನು ಇಟ್ಟುಹೋದನು. ಐರಿ ನವೆಂಬರ್ 5ರಂದು ಪತ್ರ ಬರೆದು ಒಂದು ಪ್ರಶ್ನೆ ಕೇಳಿದನು. ಸೂರ್ಯನಿಂದ ಯುರೇನಸ್‌ಗೆ ಇರುವ ದೂರದಲ್ಲಿಯೂ ಅಂತರ ಕಂಡುಬಂದಿದೆ, ಈ ಊಹೆ ಅದನ್ನೂ ವಿವರಿಸುವುದೇ ಎಂಬುದು ಪ್ರಶ್ನೆ. ಆ್ಯಡಮ್ಸ್ ಉತ್ತರಿಸಲಿಲ್ಲ. ಐರಿ ಮತ್ತೆ ಕೇಳಲಿಲ್ಲ.

1846ರ ಜೂನ್‌ನಲ್ಲಿ ಫ್ರಾನ್ಸಿನ ಲವೆರ್ಯೆ ಸ್ವತಂತ್ರವಾಗಿ ಅದೇ ಸ್ಥಾನದ ಬಳಿಗೆ ಬಂದಾಗ ಐರಿ ಎಚ್ಚೆತ್ತನು. ಜುಲೈನಲ್ಲಿ ಅವನು ಕೇಂಬ್ರಿಜ್‌ನ ಚಾಲಿಸ್‌ನನ್ನು ಹುಡುಕಾಟಕ್ಕೆ ತೊಡಗಿಸಿದನು. ಚಾಲಿಸ್ ಆಗಸ್ಟ್‌ನಲ್ಲಿ ಎರಡು ಸಲ ಆ ಗ್ರಹವನ್ನು ಕಂಡು ಬರೆದಿಟ್ಟುಕೊಂಡರೂ, ಬರೆದಿದ್ದನ್ನು ಹೋಲಿಸಿ ನೋಡಲಿಲ್ಲ. ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಗಾಲೆ ಗ್ರಹವನ್ನು ಗುರುತಿಸಿದನು. ನವೆಂಬರ್‌ನಲ್ಲಿ ಐರಿ ನಡೆದುದೆಲ್ಲವನ್ನೂ ಪತ್ರಗಳ ಸಮೇತ ವಿದ್ವತ್ಸಭೆಯ ಮುಂದಿಟ್ಟನು. ಆದರೂ ದೂಷಣೆಯ ಬಹುಪಾಲು ಅವನ ಪಾಲಿಗೇ ಬಂತು.

ಈ ಪ್ರಸಂಗವನ್ನು ಎರಡು ಬಗೆಯಿಂದ ನೋಡಬೇಕಾಗುತ್ತದೆ. ಐರಿಯ ಪ್ರಶ್ನೆ ಹುರುಳಿಲ್ಲದ್ದಾಗಿರಲಿಲ್ಲ. ದೂರದಲ್ಲಿನ ಆ ಅಂತರವನ್ನು ಗ್ರೀನಿಚ್‌ನ ವೀಕ್ಷಣೆಗಳಿಂದ ಮೊದಲು ಕಂಡುಕೊಂಡವನು ಅವನೇ. ಗ್ರೀನಿಚ್ ಇದ್ದುದು ಹೊಸದನ್ನು ಹುಡುಕಲಿಕ್ಕಲ್ಲ, ಇರುವುದನ್ನು ಅಳೆಯಲಿಕ್ಕೆ ಎಂಬ ಅವನ ತಿಳಿವಳಿಕೆಯೂ ಸಂಸ್ಥೆಯ ಉದ್ದೇಶಕ್ಕೆ ಹೊಂದುವಂಥದ್ದೇ. ಇನ್ನೊಂದು ಬಗೆಯಿಂದ ನೋಡಿದರೆ, ಪ್ರತಿ ಕಾಗದಕ್ಕೂ ಒಂದು ಅಂಕಣ, ಪ್ರತಿ ಪತ್ರಕ್ಕೂ ಒಂದು ಕಡತ ಇರುವ ವ್ಯವಸ್ಥೆಯಲ್ಲಿ ಯಾವ ಅಂಕಣಕ್ಕೂ ಸೇರದ ಕಾಗದಕ್ಕೆ ಜಾಗ ಸಿಗಲಿಲ್ಲ. ಶೋಧಕ್ಕೆ ಬೇಕಾದ ಅಂಕಿಗಳನ್ನು ಒದಗಿಸಿದ್ದು ವ್ಯವಸ್ಥೆ. ಶೋಧವನ್ನು ಗುರುತಿಸದೆ ಹೋದದ್ದೂ ಅದೇ ವ್ಯವಸ್ಥೆ. ಐರಿಯನ್ನು ಹೊಗಳುವವರು ಮೊದಲನೆಯದನ್ನೂ ತೆಗಳುವವರು ಎರಡನೆಯದನ್ನೂ ಮಾತ್ರ ಹೇಳುತ್ತ ಬಂದಿದ್ದಾರೆ.

6. ಭಾರತದ ಅಳತೆ ಮತ್ತು ನಮ್ಮ ಗಡಿಯಾರ

ಐರಿ ಭಾರತಕ್ಕೆ ಬಂದವನಲ್ಲ. ಆದರೂ ಈ ನೆಲದ ಅಳತೆಯೊಂದರಿಂದ ಅವನ ಅತ್ಯುತ್ತಮ ವೈಜ್ಞಾನಿಕ ಚಿಂತನೆಯೊಂದು ಹುಟ್ಟಿತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, 1802ರಲ್ಲಿ ಮದರಾಸಿನಿಂದ ಮುಂದುವರಿಸಿದ ತ್ರಿಕೋನಮಿತೀಯ ಸಮೀಕ್ಷೆಯನ್ನು ಜಾರ್ಜ್ ಎವರೆಸ್ಟ್ ಹಿಮಾಲಯದ ತಪ್ಪಲಿನವರೆಗೆ ಒಯ್ದನು. ಮಧ್ಯಭಾರತದ ಕಲ್ಯಾಣಪುರ ಹಾಗೂ ಉತ್ತರದ ಕಲಿಯಾನಾಗಳ ನಡುವಣ ಅಕ್ಷಾಂಶದ ಅಂತರ ನೆಲದ ಅಳತೆಯಿಂದ ಒಂದು, ನಕ್ಷತ್ರವೀಕ್ಷಣೆಯಿಂದ ಇನ್ನೊಂದು ಬಂತು. ವ್ಯತ್ಯಾಸ ಐದು ವಿಕಲೆಗಳಷ್ಟು. ಹಿಮಾಲಯವು ತೂಗುಗುಂಡನ್ನು ತನ್ನೆಡೆಗೆ ಸೆಳೆದದ್ದೇ ಕಾರಣವಿರಬಹುದೆಂದು ಕಲ್ಕತ್ತೆಯ ಪಾದ್ರಿ ಜಾನ್ ಹೆನ್ರಿ ಪ್ರಾಟ್ ಲೆಕ್ಕ ಹಾಕಿದರೆ, ಸೆಳೆತ ಇನ್ನೂ ಮೂರು ಪಟ್ಟು ಇರಬೇಕಾಗಿತ್ತು. ಅಷ್ಟು ದೊಡ್ಡ ಪರ್ವತ ಅಷ್ಟು ಕಡಿಮೆ ಸೆಳೆಯುವುದೇಕೆ? 1855ರ ಪುಟ್ಟ ಪ್ರಬಂಧವೊಂದರಲ್ಲಿ ಐರಿ ಉತ್ತರ ಕೊಟ್ಟನು. ನೀರಿನಲ್ಲಿ ತೇಲುವ ಮರದ ದಿಮ್ಮಿ ಮೇಲೆ ಎಷ್ಟು ಕಾಣುವುದೋ ಅದಕ್ಕೆ ತಕ್ಕಂತೆ ಕೆಳಗೂ ಮುಳುಗಿರುವಂತೆ, ಪರ್ವತದ ಹಗುರವಾದ ಬೇರು ಕೆಳಗಿನ ಭಾರವಾದ ಪದರಕ್ಕೆ ಇಳಿದಿದೆ ಎಂಬುದು ಅವನ ವಿವರಣೆ. ಭೂವಿಜ್ಞಾನದಲ್ಲಿ ಮುಂದೆ ಐಸೋಸ್ಟಸಿ ಎಂಬ ಹೆಸರು ಪಡೆದ ತತ್ವದ ಮೂಲರೂಪಗಳಲ್ಲಿ ಇದೊಂದು. ನಮೂನೆಗಳನ್ನು ತುಂಬಿಸುತ್ತಿದ್ದ ಅಧಿಕಾರಿಯ ಒಳಗೆ ಕಲ್ಪನಾಶಕ್ತಿ ಬತ್ತಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1852ರಿಂದ ಗ್ರೀನಿಚ್‌ನ ಮುಖ್ಯ ಗಡಿಯಾರದ ವೇಳೆ ತಂತಿಯ ಮೂಲಕ ರೈಲುನಿಲ್ದಾಣಗಳಿಗೆ, ಪಟ್ಟಣಗಳಿಗೆ ಹರಿಯತೊಡಗಿತು. ಊರಿಗೊಂದು ಸ್ಥಳೀಯ ವೇಳೆಯಿದ್ದ ಇಂಗ್ಲೆಂಡಿನಲ್ಲಿ 1880ರಲ್ಲಿ ಅದೇ ಕಾನೂನಿನ ವೇಳೆಯಾಯಿತು. 1884ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ 25 ರಾಷ್ಟ್ರಗಳ ಸಮ್ಮೇಳನ ಐರಿಯ ಯಂತ್ರದ ಮಧ್ಯದಿಂದ ಹಾದುಹೋಗುವ ರೇಖೆಯನ್ನು ಜಗತ್ತಿನ ಸೊನ್ನೆ ರೇಖಾಂಶವೆಂದು ಅಂಗೀಕರಿಸಿತು. 22 ರಾಷ್ಟ್ರಗಳು ಪರವಾಗಿ ಮತ ನೀಡಿದವು. 1906ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ಶಿಷ್ಟ ಕಾಲ ಆ ರೇಖೆಗಿಂತ ಐದೂವರೆ ಗಂಟೆ ಮುಂದಿರುವಂತೆ ಗೊತ್ತಾಯಿತು. ಇಂದು ಉಪಗ್ರಹಗಳ ನೆರವಿನಿಂದ ಎಳೆಯುವ ಸೊನ್ನೆರೇಖೆ ಆ ಯಂತ್ರಕ್ಕೆ ಸುಮಾರು 102 ಮೀಟರ್ ಪೂರ್ವದಲ್ಲಿ ಹಾದುಹೋಗುತ್ತದೆ. ಆದರೂ ನಮ್ಮ ಪಂಚಾಂಗಗಳು ಸೂರ್ಯೋದಯವನ್ನು ಗಂಟೆ–ನಿಮಿಷಗಳಲ್ಲಿ ಅಚ್ಚು ಹಾಕುವಾಗ ಬಳಸುವ ಎಣಿಕೆಯ ಬೇರು ಇರುವುದು ಆ ಒಂದು ಕೋಣೆಯಲ್ಲಿಯೇ.

7. ಕೊನೆಯ ಲೆಕ್ಕ

ಐರಿ 1872ರಲ್ಲಿ ಸರ್ ಪದವಿಯನ್ನು ಸ್ವೀಕರಿಸಿದನು. ಅದಕ್ಕೆ ಮುನ್ನ ಅದನ್ನು ನಿರಾಕರಿಸಿದ್ದುಂಟು. 1875ರಲ್ಲಿ ಪತ್ನಿ ರಿಚರ್ಡಾ ತೀರಿಕೊಂಡಳು. 1881ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ನಿವೃತ್ತನಾಗಿ ವೀಕ್ಷಣಾಲಯದ ಸಮೀಪದಲ್ಲಿಯೇ ನೆಲೆಸಿದನು. ಬಂದ ಪತ್ರ, ಕೊಟ್ಟ ಉತ್ತರ, ರಸೀದಿ, ಕರಡು ಯಾವುದನ್ನೂ ಎಸೆಯದೆ, ರಂಧ್ರ ಕೊರೆದು ದಾರದಲ್ಲಿ ಪೋಣಿಸಿ ಇಟ್ಟ ಅವನ ಕಡತಗಳು ಇಂದು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿವೆ. ಅವನ ಮೇಲೆ ಹೊರಿಸಿದ ಆರೋಪಗಳನ್ನು ಪರಿಶೀಲಿಸಲು ಸಂಶೋಧಕರಿಗೆ ನೆರವಾಗುವುದೂ ಆ ಕಡತಗಳೇ.

ನಿವೃತ್ತಿಯ ವರ್ಷಗಳನ್ನು ಅವನು ಚಂದ್ರನ ಚಲನೆಯ ಬೃಹತ್ ಗಣನೆಯೊಂದಕ್ಕೆ ಮೀಸಲಿಟ್ಟನು. ಅದು 1886ರಲ್ಲಿ ಅಚ್ಚಾಯಿತು. ಆದರೆ ಕೆಲಸ ಮುಗಿಯುವ ಹೊತ್ತಿಗೆ ಅದರೊಳಗೆ ಎಲ್ಲಿಯೋ ಗಂಭೀರವಾದ ತಪ್ಪೊಂದು ಸೇರಿಕೊಂಡಿದೆಯೆಂಬುದು ಅವನ ಅರಿವಿಗೆ ಬಂತು. ಅದು ಎಲ್ಲಿದೆಯೆಂದು ಹುಡುಕಿ ತೆಗೆಯುವಷ್ಟು ಕಸುವು ಆ ವಯಸ್ಸಿನಲ್ಲಿ ಅವನಲ್ಲಿ ಉಳಿದಿರಲಿಲ್ಲ. ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡೇ ಅವನು ಗ್ರಂಥವನ್ನು ಹೊರತಂದನು. ಜೀವಮಾನವಿಡೀ ಇತರರ ಲೆಕ್ಕದಲ್ಲಿ ತಪ್ಪು ಉಳಿಯದಂತೆ ವ್ಯವಸ್ಥೆ ಕಟ್ಟಿದವನು, ಆ ವ್ಯವಸ್ಥೆಯಿಂದ ಹೊರಬಂದು ಒಬ್ಬನೇ ಕುಳಿತಾಗ ತನ್ನ ತಪ್ಪನ್ನು ಕಂಡುಹಿಡಿಯಲಾರದೆ ಹೋದನು. 1891ರಲ್ಲಿ ಬಿದ್ದು ಪೆಟ್ಟಾದ ಮೇಲೆ ಅವನು ಚೇತರಿಸಿಕೊಳ್ಳಲಿಲ್ಲ. 1892ರ ಜನವರಿ 2ರಂದು ತೀರಿಕೊಂಡನು. ಸೋದರಮಾವನ ಊರಾದ ಪ್ಲೇಫರ್ಡ್‌ನಲ್ಲಿ ಅವನ ಸಮಾಧಿಯಿದೆ.

ಒಟ್ಟಿನಲ್ಲಿ ಹೇಳುವುದಾದರೆ, ಐರಿ ಗ್ರೀನಿಚ್ಚನ್ನು ದಕ್ಷಗೊಳಿಸಿದ್ದು ಹೆಚ್ಚು ವೇಗಕ್ಕಾಗಿ ಮಾತ್ರವಲ್ಲ. ಒಬ್ಬನ ಕಣ್ಣು, ಒಬ್ಬನ ನೆನಪು, ಒಬ್ಬನ ಆಯುಷ್ಯಗಳನ್ನು ನೆಚ್ಚದೆ ಜ್ಞಾನವು ತಲೆಮಾರುಗಳನ್ನು ದಾಟಿ ಉಳಿಯಬೇಕೆಂಬುದಕ್ಕಾಗಿ. ಆ ಗುರಿ ನೆರವೇರಿತು. ಅದಕ್ಕಾಗಿ ಹುಡುಗರ ದಿನಗಳು ಸವೆದವು, ಅನಿರೀಕ್ಷಿತವಾದುದಕ್ಕೆ ಬಾಗಿಲು ಕಿರಿದಾಯಿತು. ಅವನ ಕೊನೆಯ ಗ್ರಂಥದ ಸೋಲು ಒಂದು ಬಗೆಯಲ್ಲಿ ಅವನ ಜೀವನದ ವಾದವನ್ನೇ ಸಮರ್ಥಿಸುತ್ತದೆ: ಅತ್ಯಂತ ಶಿಸ್ತಿನ ಮನಸ್ಸಿಗೂ ತನ್ನ ಬರಹವನ್ನು ತಾಳೆ ನೋಡುವ ಇನ್ನೊಬ್ಬ ಬೇಕು.